ಜಾಂಬಿಯಾ: ಒಮ್ಮೆ ಮನ್ನಾ ಆದ ಸಾಲ ಮತ್ತೆ ಸುಸ್ತಿಯಾದದ್ದು ಹೇಗೆ? ಇತ್ಯರ್ಥಕ್ಕೆ ಮೂರೂವರೆ ವರ್ಷ ಏಕೆ?

ಕಡತಪ್ರಿಯ

ಬಡ ದೇಶಗಳ ಸಾಲದ ಮಾತು ಬಂದಲ್ಲೆಲ್ಲ ಜಾಂಬಿಯಾದ ಹೆಸರು ಬರುತ್ತದೆ. ಓದಿದಷ್ಟೂ ಗೊಂದಲವೇ ಹೆಚ್ಚಾಗುತ್ತಿದೆ. ಬಲ್ಲವರು ಬಿಡಿಸಿ ಹೇಳಿ.

ಅತಿ ಹೆಚ್ಚು ಸಾಲದ ಬಡ ದೇಶಗಳಿಗಾಗಿ ಮಾಡಿದ ಎಚ್‌ಐಪಿಸಿ ಯೋಜನೆಯಡಿ 2005ರಲ್ಲಿ ಈ ದೇಶದ ಸಾಲದ ಬಹುಪಾಲು ಹೋಯಿತು. ಹದಿನೈದು ವರ್ಷ ಕಳೆದು 2020ರ ನವೆಂಬರ್‌ನಲ್ಲಿ ಕಂತು ಕಟ್ಟಲಾಗದೆ ಮತ್ತೆ ಕೈಯೆತ್ತಿತು. ಹಾಗಾದರೆ ಮೊದಲ ಮನ್ನಾದಲ್ಲೇ ಏನಾದರೂ ಐಬಿತ್ತೇ?

ಇನ್ನೊಂದು. 2023ರ ಜೂನ್‌ನಲ್ಲಿ 630 ಕೋಟಿ ಡಾಲರ್ ಸಾಲದ ಬಗ್ಗೆ ಬೇರೆ ದೇಶಗಳ ಸರ್ಕಾರಗಳ ಜೊತೆ ಒಪ್ಪಂದವಾಯಿತು. ಆದರೆ ಅಸಲಿನಲ್ಲಿ ಒಂದು ಡಾಲರೂ ಕಡಿತವಿಲ್ಲ. ಅಸಲು ಹಾಗೇ ಉಳಿದರೆ ಅದು ಪರಿಹಾರ ಹೇಗಾಗುತ್ತದೆ?

ಅದೇ ವರ್ಷ ನವೆಂಬರ್‌ನಲ್ಲಿ ಬಾಂಡ್‌ದಾರರ (ಸಾಲಪತ್ರ ಕೊಂಡ ಖಾಸಗಿ ಹೂಡಿಕೆದಾರರ) ಜೊತೆ ಕುದುರಿದ ಒಪ್ಪಂದಕ್ಕೆ ಚೀನಾ, ಫ್ರಾನ್ಸ್ ಇದ್ದ ಸಾಲದಾತ ಸರ್ಕಾರಗಳ ಸಮಿತಿ ಅಡ್ಡ ಬಂತು. ತಮ್ಮ ದುಡ್ಡು ತಾವು ಬಿಟ್ಟುಕೊಡುತ್ತೇವೆ ಎನ್ನುವವರಿಗೆ ಮೂರನೆಯವರ ತಕರಾರು ಯಾಕೆ?

'ಐಎಂಎಫ್ ಷಡ್ಯಂತ್ರ', 'ಚೀನಾದ ಸಾಲದ ಬಲೆ' ಎಂಬ ಎರಡು ಉತ್ತರಗಳನ್ನು ಬಿಟ್ಟು ಬೇರೆ ಇದ್ದರೆ ಬರೆಯಿರಿ.

ಲೆಕ್ಕಿಗ

ಮೊದಲ ಎರಡು ಪ್ರಶ್ನೆ ನಾನು ತೆಗೆದುಕೊಳ್ಳುತ್ತೇನೆ. ಮೂರನೆಯದಕ್ಕೆ ಬೋರಯ್ಯನವರು ಬರಲಿ.

ಎಚ್‌ಐಪಿಸಿ ಶುರುವಾದದ್ದು 1996ರಲ್ಲಿ, ಸಡಿಲಗೊಂಡದ್ದು 1999ರಲ್ಲಿ. ಅದರಲ್ಲಿ ಎರಡು ಗೇಟು. ಒಂದು ನಿರ್ಧಾರದ ಹಂತ: ಸಾಲದ ಇಂದಿನ ಮೌಲ್ಯ (ಮುಂದೆ ಕಟ್ಟಬೇಕಾದ ಕಂತುಗಳನ್ನು ಇಂದಿನ ಬೆಲೆಗೆ ಇಳಿಸಿದ ಮೊತ್ತ) ವರ್ಷದ ರಫ್ತಿನ 150%ಗಿಂತ ಹೆಚ್ಚಿದೆ ಎಂದು ಲೆಕ್ಕ ಹಾಕಿ, ಎಷ್ಟು ಇಳಿಸಬೇಕು ಎಂದು ಗೊತ್ತುಮಾಡುತ್ತಾರೆ. ಇನ್ನೊಂದು ಪೂರ್ಣಗೊಳ್ಳುವ ಹಂತ: ಹಾಕಿದ ಷರತ್ತು ಪೂರೈಸಿದ ಮೇಲೆ ಪರಿಹಾರ ಖಾಯಂ ಆಗುತ್ತದೆ. ಜಾಂಬಿಯಾ ಮೊದಲನೆಯದನ್ನು ದಾಟಿದ್ದು 2000ದ ಡಿಸೆಂಬರ್‌ನಲ್ಲಿ, ಎರಡನೆಯದನ್ನು 2005ರ ಏಪ್ರಿಲ್‌ನಲ್ಲಿ. ಅದರ ಬೆನ್ನಿಗೇ ಐಎಂಎಫ್, ವಿಶ್ವಬ್ಯಾಂಕ್, ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ ತಮ್ಮ ಹಳೆ ಸಾಲವನ್ನೂ ಮನ್ನಾ ಮಾಡಿದವು. ಸುಮಾರು 700 ಕೋಟಿ ಡಾಲರ್ ಇದ್ದ ವಿದೇಶಿ ಸಾಲ 2006ರ ಹೊತ್ತಿಗೆ 100 ಕೋಟಿಯೊಳಕ್ಕೆ ಇಳಿಯಿತು. ನಿಜವಾದ ಅರ್ಥದಲ್ಲಿ ಮನ್ನಾ ಎಂದರೆ ಅದು.

ಆ ಮನ್ನಾದಲ್ಲಿ ಐಬಿರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೆಟ್ಟದ್ದು ಆಮೇಲೆ ತಂದ ಸಾಲದ ಜಾತಿ. ಲೆಡ್ಜರ್ ಖಾಲಿಯಾಗಿತ್ತು, ತಾಮ್ರದ ಬೆಲೆ ಏರಿತ್ತು, ಅಮೆರಿಕದಲ್ಲಿ ಬಡ್ಡಿ ತಳ ಕಂಡಿತ್ತು. 2012ರಲ್ಲಿ 75 ಕೋಟಿ ಡಾಲರ್ ಬಾಂಡ್, 5.375% ಬಡ್ಡಿ. 2014ರಲ್ಲಿ 100 ಕೋಟಿ, 8.5%. 2015ರಲ್ಲಿ 125 ಕೋಟಿ, 8.97%. ಮೂರೇ ವರ್ಷದಲ್ಲಿ ಬಡ್ಡಿ ಎಷ್ಟು ಮೇಲೆ ಹೋಯಿತು ನೋಡಿ. ಆಗಲೇ ಗಂಟೆ ಬಾರಿಸಿತ್ತು, ಕೇಳಿಸಿಕೊಂಡವರಿಲ್ಲ. ಮೊದಲ ಎರಡರ ಅಸಲು ಕಂತಿನಲ್ಲಿ ಅಲ್ಲ, ಇಡೀ ಮೊತ್ತ ಒಂದೇ ಸಲ ಕೊನೆಯ ವರ್ಷ ಕಟ್ಟಬೇಕಾದದ್ದು: ಒಂದು 2022ರಲ್ಲಿ, ಇನ್ನೊಂದು 2024ರಲ್ಲಿ.

ಮೂರೂ ಸೇರಿ ವರ್ಷಕ್ಕೆ ಬಡ್ಡಿ ಸುಮಾರು 23.7 ಕೋಟಿ ಡಾಲರ್. ಸರ್ಕಾರದ ವರಮಾನ ಬರುವುದು ಅಲ್ಲಿನ ಕರೆನ್ಸಿ ಕ್ವಾಚಾದಲ್ಲಿ. 2012ರಲ್ಲಿ ಡಾಲರಿಗೆ ಈಗಿನ ಕ್ವಾಚಾ ಲೆಕ್ಕದಲ್ಲಿ ಸುಮಾರು 5 ಕ್ವಾಚಾ ಇತ್ತು, 2020ರ ಕೊನೆಗೆ 21ರ ಆಸುಪಾಸು. ಹಳೆ ದರದಲ್ಲಿ 120 ಕೋಟಿ ಕ್ವಾಚಾ ಆಗಬೇಕಿದ್ದ ಬಡ್ಡಿ ಹೊಸ ದರದಲ್ಲಿ 500 ಕೋಟಿ ಕ್ವಾಚಾ. ಹೊಸ ಸಾಲ ಒಂದು ಪೈಸೆ ಮಾಡದಿದ್ದರೂ ಹೊರೆ ನಾಲ್ಕುಪಟ್ಟು. ಇದರ ಜೊತೆಗೆ ಚೀನಾದ ಬ್ಯಾಂಕುಗಳಿಂದ ರಸ್ತೆ, ವಿಮಾನ ನಿಲ್ದಾಣ, 750 ಮೆಗಾವಾಟ್‌ನ ಕಫುಯೆ ಗಾರ್ಜ್ ಲೋಯರ್ ಜಲವಿದ್ಯುತ್ ಯೋಜನೆಗೆ ತಂದ ಸಾಲ ಬೇರೆ. ಯೋಜನೆ ಕ್ವಾಚಾ ದುಡಿಯುತ್ತದೆ, ಕಂತು ಡಾಲರ್ ಕೇಳುತ್ತದೆ.

ಸುಸ್ತಿಯಾದ ಕಂತು ಎಷ್ಟು ಗೊತ್ತೇ? 4.25 ಕೋಟಿ ಡಾಲರ್. 2014ರ ಬಾಂಡ್‌ನ ಅರ್ಧ ವರ್ಷದ ಬಡ್ಡಿ, 100 ಕೋಟಿಯ 8.5%ರಲ್ಲಿ ಅರ್ಧ. ಅಕ್ಟೋಬರ್ 14ಕ್ಕೆ ಕಟ್ಟಬೇಕಿತ್ತು, 30 ದಿನದ ರಿಯಾಯಿತಿ ನವೆಂಬರ್ 13ಕ್ಕೆ ಮುಗಿಯಿತು. ಆರು ತಿಂಗಳು ತಡೆಯಿರಿ ಎಂಬ ಮನವಿಯನ್ನು ಬಾಂಡ್‌ದಾರರು ಅದೇ ದಿನ ತಿರಸ್ಕರಿಸಿದರು. ನಾವು ಬಿಟ್ಟ ಬಡ್ಡಿ ಚೀನಾದ ಬ್ಯಾಂಕುಗಳ ಬಾಕಿ ತೀರಿಸಲು ಹೋಗುವುದಿಲ್ಲ ಎನ್ನಲು ಲೆಕ್ಕ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಆಗ ಆ ಲೆಕ್ಕ ಪೂರ್ತಿ ಬಹಿರಂಗವಾಗಿರಲಿಲ್ಲ.

ಇನ್ನು ಅಸಲು ಕಡಿಯದ ಪರಿಹಾರ. ಇಲ್ಲಿ ಎಲ್ಲರೂ ನೋಡುವುದು ಮುಖಬೆಲೆಯನ್ನಲ್ಲ, ಮುಂದೆ ಬರುವ ಕಂತುಗಳ ಇಂದಿನ ಮೌಲ್ಯವನ್ನು. ಕಡಿಮೆ ಆದಾಯದ ದೇಶಗಳಿಗೆ ಐಎಂಎಫ್ ಮತ್ತು ವಿಶ್ವಬ್ಯಾಂಕ್ 5% ವಟಾವಣೆ ದರ (ನಾಳೆಯ ದುಡ್ಡನ್ನು ಇಂದಿನ ಬೆಲೆಗೆ ಇಳಿಸುವ ದರ) ಹಿಡಿಯುತ್ತವೆ. ಕೈಲೆಕ್ಕ ಮಾಡೋಣ. 100 ಡಾಲರ್ ಸಾಲ, ವರ್ಷಕ್ಕೆ 2% ಬಡ್ಡಿ, ಅಸಲು 10 ವರ್ಷದ ಕೊನೆಗೆ ಒಟ್ಟಿಗೆ. ಹತ್ತು ಬಡ್ಡಿ ಕಂತುಗಳ ಇಂದಿನ ಮೌಲ್ಯ 15.4, ಕೊನೆಯ 100ರದ್ದು 61.4, ಒಟ್ಟು 77. ಅದೇ ಸಾಲವನ್ನು 20 ವರ್ಷಕ್ಕೆ ಎಳೆದು ಬಡ್ಡಿ 1% ಮಾಡಿ. ಬಡ್ಡಿಯದ್ದು 12.5, ಅಸಲಿನದ್ದು 37.7, ಒಟ್ಟು 50. ಪುಸ್ತಕದಲ್ಲಿ ಈಗಲೂ 100 ಎಂದೇ ಇದೆ. ಆದರೆ ಸಾಲ ಕೊಟ್ಟವನ ಕೈಯಿಂದ 35% ಹೋಯಿತು.

ಜಾಂಬಿಯಾಕ್ಕೆ ಸರ್ಕಾರಗಳು ಕೊಟ್ಟದ್ದು ಇದೇ ರೀತಿಯದು. ಅವಧಿ ಸರಾಸರಿ 12 ವರ್ಷಕ್ಕೂ ಹೆಚ್ಚು ಮುಂದಕ್ಕೆ, ಕೊನೆಯ ಕಂತು 2043ಕ್ಕೆ, 2037ರವರೆಗೆ ಬಡ್ಡಿ 1%, ಆಮೇಲೆ ಗರಿಷ್ಠ 2.5%. ಮೊದಲ ಮೂರು ವರ್ಷ ಬಡ್ಡಿ ಮಾತ್ರ, ಅಸಲಿನ ಕಂತು 2026ರಿಂದ. ನಮ್ಮಲ್ಲಿ ಸಹಕಾರ ಸಂಘದ ಸಾಲಕ್ಕೆ 'ಅಸಲು ಕಟ್ಟಿದರೆ ಬಡ್ಡಿ ಮನ್ನಾ' ಎನ್ನುತ್ತಾರಲ್ಲ, ಆ ಕಡೆಗೆ ಹತ್ತಿರ.

ಬಾಂಡ್_ಬೋರಯ್ಯ

ಲೆಕ್ಕಿಗರೇ, ಕರೆದಿದ್ದೀರಿ, ಬಂದೆ.

ಕಡತಪ್ರಿಯರ ಮೂರನೆಯ ಪ್ರಶ್ನೆಯಲ್ಲೇ ತಡವಾದ ಕಾರಣವೂ ಇದೆ. ಮೊದಲು ಯಾರು ಯಾರು ಅಂಗಳದಲ್ಲಿದ್ದಾರೆ ನೋಡಿ. ಐಎಂಎಫ್, ವಿಶ್ವಬ್ಯಾಂಕ್‌ ಸಾಲಕ್ಕೆ ಈ ಸಲ ಕೈ ಹಾಕುವುದಿಲ್ಲ. ಬದಲಿಗೆ ಅವು ಕಡಿಮೆ ಬಡ್ಡಿಯ ಹೊಸ ದುಡ್ಡು ಮತ್ತು ಅನುದಾನ ಕೊಡುತ್ತವೆ. ಉಳಿದವರು ಎರಡು ಗುಂಪು: ಸರ್ಕಾರಗಳು ಮತ್ತು ಖಾಸಗಿಯವರು. ಹಳೆ ಕಾಲದಲ್ಲಿ ಸರ್ಕಾರಗಳೆಂದರೆ 1956ರಿಂದ ಇರುವ ಪ್ಯಾರಿಸ್ ಕ್ಲಬ್ಬು, ಒಂದೇ ಮೇಜು, ಒಂದೇ ರೂಢಿ. ಜಾಂಬಿಯಾಕ್ಕೆ ಹೆಚ್ಚು ಸಾಲ ಕೊಟ್ಟ ಚೀನಾ ಆ ಕ್ಲಬ್ಬಿನಲ್ಲಿಲ್ಲ. ಭಾರತವೂ ಅದರ ಕಾಯಂ ಸದಸ್ಯ ಅಲ್ಲ. ಅದಕ್ಕೇ 2020ರ ನವೆಂಬರ್‌ನಲ್ಲಿ ಜಿ20 ಗುಂಪು ಎಲ್ಲ ಸಾಲದಾತ ಸರ್ಕಾರಗಳನ್ನೂ ಒಂದೇ ಮೇಜಿಗೆ ತರುವ 'ಕಾಮನ್ ಫ್ರೇಮ್‌ವರ್ಕ್' ಕಟ್ಟಿತು. ಚಾಡ್, ಇಥಿಯೋಪಿಯಾ, ಜಾಂಬಿಯಾ, ಆಮೇಲೆ ಘಾನಾ ಅದರ ಬಾಗಿಲಿಗೆ ಬಂದವು.

ಹೆಜ್ಜೆಗಳು ಹೀಗೆ ಹೋದವು. 2021ರ ಆರಂಭದಲ್ಲಿ ಅರ್ಜಿ. ಆಗಸ್ಟ್‌ನಲ್ಲಿ ಚುನಾವಣೆ, ಹಕಾಯಿಂದೆ ಹಿಚಿಲೆಮಾ ಅಧ್ಯಕ್ಷರಾದರು. ಡಿಸೆಂಬರ್‌ನಲ್ಲಿ ಐಎಂಎಫ್ ನೆರವಿಗೆ ಸಿಬ್ಬಂದಿ ಮಟ್ಟದ ಒಪ್ಪಿಗೆ. ಆದರೆ ಐಎಂಎಫ್ ಮಂಡಳಿ ದುಡ್ಡು ಬಿಡಬೇಕಾದರೆ 'ನಾವು ಪರಿಹಾರ ಕೊಡುತ್ತೇವೆ' ಎಂಬ ಭರವಸೆ ಸಾಲ ಕೊಟ್ಟ ಸರ್ಕಾರಗಳಿಂದ ಬರಬೇಕು. ಅದಕ್ಕೆ ಸಮಿತಿ ಬೇಕು. ಚೀನಾ ಮತ್ತು ಫ್ರಾನ್ಸ್ ಸಹ ಅಧ್ಯಕ್ಷತೆಯ ಆ ಸಮಿತಿ ಸೇರಿದ್ದು 2022ರ ಜೂನ್‌ನಲ್ಲಿ! ಜುಲೈ ಕೊನೆಗೆ ಭರವಸೆ, ಆಗಸ್ಟ್ 31ಕ್ಕೆ ಐಎಂಎಫ್ ಮಂಡಳಿ 130 ಕೋಟಿ ಡಾಲರ್ ಮಂಜೂರು ಮಾಡಿತು. ಅರ್ಜಿಯಿಂದ ಮಂಜೂರಾತಿಗೇ ಒಂದೂವರೆ ವರ್ಷ, ಪರಿಹಾರ ಇನ್ನೂ ಶುರುವೇ ಆಗಿಲ್ಲ.

ಆ ಮಧ್ಯದ ತಿಂಗಳುಗಳಲ್ಲಿ ಏನು ಮಾಡುತ್ತಿದ್ದರು ಎಂದರೆ, ಲೆಕ್ಕ ತಾಳೆ. ಒಂದೊಂದು ಸಾಲದ ಕರಾರು ತೆಗೆದು ಅಸಲು ಎಷ್ಟು, ಬಿಡುಗಡೆಯಾದದ್ದೆಷ್ಟು, ಬಾಕಿ ಬಡ್ಡಿ ಎಷ್ಟು, ಯಾವ ಕರೆನ್ಸಿ, ವಿಮೆ ಯಾರದ್ದು, ಅಡಮಾನ ಇದೆಯೇ ಎಂದು ಎರಡೂ ಕಡೆ ಹೊಂದಿಸಬೇಕು. ಮಂಜೂರಾಗಿ ಬಿಡುಗಡೆಯಾಗದ ಸುಮಾರು 200 ಕೋಟಿ ಡಾಲರ್ ಸಾಲವನ್ನು ಜಾಂಬಿಯಾ 2022ರಲ್ಲಿ ರದ್ದು ಮಾಡಿತು. ಇಲ್ಲದಿದ್ದರೆ ಒಂದು ಕಡೆ ಸಾಲ ಇಳಿಸುತ್ತ ಇನ್ನೊಂದು ಕಡೆ ಏರಿಸುವುದಾಗುತ್ತಿತ್ತು. ಇನ್ನೊಂದು ಜಗಳ, ಚೀನಾದ ಸರ್ಕಾರಿ ಬ್ಯಾಂಕಿನ ಸಾಲ ಸರ್ಕಾರದ್ದೋ ವಾಣಿಜ್ಯದ್ದೋ ಎಂಬುದು. ಚೀನಾ ಎಕ್ಸಿಂ (ರಫ್ತು-ಆಮದು) ಬ್ಯಾಂಕ್ ಸರ್ಕಾರದ ಸಾಲಿಗೆ, ಚೀನಾ ಡೆವಲಪ್‌ಮೆಂಟ್ ಬ್ಯಾಂಕ್ ವಾಣಿಜ್ಯದ ಸಾಲಿಗೆ ಬಂತು. ಯಾವ ಪೆಟ್ಟಿಗೆಗೆ ಬಿತ್ತು ಎಂಬುದರ ಮೇಲೆ ಯಾರ ಜೊತೆ ಮಾತಾಡಬೇಕು, ಯಾವ ನಿಯಮ ಅನ್ವಯ ಎನ್ನುವುದು ಪೂರ್ತಿ ಬದಲಾಗುತ್ತದೆ.

ಈಗ ತಕರಾರಿನ ವಿಷಯ. ಕಾಮನ್ ಫ್ರೇಮ್‌ವರ್ಕ್‌ನಲ್ಲಿ 'ಸಮಾನ ನಡವಳಿಕೆ' ಎಂಬ ಷರತ್ತಿದೆ. ಸರ್ಕಾರಗಳು ಎಷ್ಟು ಬಿಟ್ಟವೋ ಕನಿಷ್ಠ ಅಷ್ಟನ್ನು ಖಾಸಗಿಯವರಿಂದಲೂ ಪಡೆಯುತ್ತೇನೆ ಎಂದು ಸಾಲಗಾರ ದೇಶ ಬರೆದುಕೊಡಬೇಕು. ಬಾಂಡ್‌ದಾರರ ಮೇಲೆ ಈ ಷರತ್ತಿಲ್ಲ, ಜಾಂಬಿಯಾದ ಮೇಲಿದೆ. ಅಳೆಯುವುದು ಮೂರು ರೀತಿ: ಐಎಂಎಫ್ ಕಾರ್ಯಕ್ರಮದ ಅವಧಿಯಲ್ಲಿ ಕಂತು ಎಷ್ಟು ಇಳಿಯಿತು, ಇಂದಿನ ಮೌಲ್ಯದಲ್ಲಿ ಎಷ್ಟು ಕಡಿತ, ಅವಧಿ ಎಷ್ಟು ಉದ್ದವಾಯಿತು. ನವೆಂಬರ್ 2023ರ ಒಪ್ಪಂದ ಎರಡನೆಯ ಅಳತೆಯಲ್ಲಿ ಸೋತಿತು ಎಂದು ಸಮಿತಿ ಹೇಳಿತು. ಬಾಂಡ್‌ದಾರರಿಗೆ ಹೆಚ್ಚು ಉಳಿದರೆ ಆ ಹೆಚ್ಚುವರಿ ಹೋಗುವುದು ನಾವು ಬಿಟ್ಟ ದುಡ್ಡಿನಿಂದ ಎಂಬುದು ಅವರ ವಾದ. ನನ್ನ ಪ್ರಕಾರ ವಾದ ಸರಿ, ಹೇಳಿದ ಸಮಯ ಕೆಟ್ಟದ್ದು. ಕಡಿತದ ಗುರಿಯನ್ನು ಅಂಕಿಯಲ್ಲಿ ಮೊದಲೇ ಹೇಳಿದ್ದರೆ ಒಂದು ಸುತ್ತು ಉಳಿಯುತ್ತಿತ್ತು.

ಕೊನೆಗೆ 2024ರ ಮಾರ್ಚ್‌ನಲ್ಲಿ ಹೊಸ ಒಪ್ಪಂದ, ಜೂನ್‌ನಲ್ಲಿ ಬಾಂಡ್ ವಿನಿಮಯ. ಬಾಂಡ್‌ದಾರರು ಸುಮಾರು 84 ಕೋಟಿ ಡಾಲರ್‌ನ ಹಕ್ಕು ಬಿಟ್ಟರು. ಹಳೆ ಮೂರು ಬಾಂಡ್‌ಗಳ ಜಾಗದಲ್ಲಿ ಎರಡು ಬಂದವು. 'ಎ' ಬಾಂಡ್ 2033ರೊಳಗೆ ಕಂತಿನಲ್ಲಿ ತೀರುವುದು, ಬಡ್ಡಿ 5.75%ರಿಂದ ಶುರುವಾಗಿ 7.5%ಗೆ ಏರುತ್ತದೆ. 'ಬಿ' ಬಾಂಡ್ 2053ಕ್ಕೆ, ಬಡ್ಡಿ ಬರೀ 0.5%. ಆದರೆ ದೇಶದ ಸಾಲ ಹೊರುವ ಶಕ್ತಿ ಸುಧಾರಿಸಿತು ಎಂದು ಮಾನದಂಡ ತೋರಿಸಿದರೆ ಅದು 7.5%ಗೆ ಹಾರಿ 2035ರೊಳಗೇ ತೀರಬೇಕು. ಒಪ್ಪಂದಕ್ಕೆ ಅಂಟಿದ ಷರತ್ತಿನ ಬಾಲ ಎಲ್ಲಿದೆ ಎಂದು ಕೇಳಿದರೆ ಇಲ್ಲಿದೆ.

90%ಗೂ ಹೆಚ್ಚು ಬಾಂಡ್‌ದಾರರು ಒಪ್ಪಿದರು. ಉಳಿದವರು? ಬಾಂಡ್ ಕರಾರಿನಲ್ಲೇ ಸಾಮೂಹಿಕ ಕ್ರಮದ ಕಲಮು ಇರುತ್ತದೆ, ನಿಗದಿತ ಬಹುಮತ ಬಂದರೆ ಒಪ್ಪದವರೂ ಕಟ್ಟುಬೀಳುತ್ತಾರೆ. ಬ್ಯಾಂಕು ಸಾಲದಲ್ಲಿ ಈ ಕಲಮು ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಹಟ ಹಿಡಿದವನನ್ನು ಎಳೆತರಲು ದಾರಿ ಕಡಿಮೆ. ಜಾಂಬಿಯಾಕ್ಕೆ ಅದರ ಏಟು ಮೊದಲೇ ಬಿದ್ದಿತ್ತು. ರೊಮೇನಿಯಾ ಟ್ರ್ಯಾಕ್ಟರ್ ಖರೀದಿಗೆ ಕೊಟ್ಟಿದ್ದ ಹಳೆ ಸಾಲವನ್ನು ಡೊನಿಗಾಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 1999ರಲ್ಲಿ ಸುಮಾರು 33 ಲಕ್ಷ ಡಾಲರಿಗೆ ಕೊಂಡು 5.5 ಕೋಟಿಗೆ ದಾವೆ ಹಾಕಿತು. 2007ರಲ್ಲಿ ಲಂಡನ್ ಹೈಕೋರ್ಟ್ ಸುಮಾರು 1.55 ಕೋಟಿ ಕೊಡಿಸಿತು. ಆ ಗಲಾಟೆಯ ನಂತರ ಬ್ರಿಟನ್ 2010ರಲ್ಲಿ ಕಾಯ್ದೆ ತಂದು ಎಚ್‌ಐಪಿಸಿ ಕಾಲದ ಹಳೆ ಸಾಲಕ್ಕೆ ವಸೂಲಿಯ ಮಿತಿ ಹಾಕಿತು. ಆಮೇಲಿನ ಬಾಂಡ್‌ಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಇದನ್ನು ಅನೇಕರು ಮರೆಯುತ್ತಾರೆ.

ಕಡತಪ್ರಿಯ

ಇಬ್ಬರಿಗೂ ಧನ್ಯವಾದ. ಎರಡು ಕೊಕ್ಕೆ ಉಳಿದವು. ಲೆಕ್ಕಿಗರೇ, 5% ಎಂದು ಹಿಡಿದಿರಿ. ಮಾರುಕಟ್ಟೆಯಲ್ಲಿ ಜಾಂಬಿಯಾಕ್ಕೆ 5%ಕ್ಕೆ ಯಾರು ಸಾಲ ಕೊಡುತ್ತಾರೆ? ದರ ಬದಲಿಸಿದರೆ 'ಸಮಾನ'ವೂ ಬದಲಾಗುವುದಿಲ್ಲವೇ? ಮತ್ತೆ, 'ಸಾಲ ಹೊರುವ ಶಕ್ತಿ' ಎನ್ನುವುದನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ?

ತುಂಗಾತೀರ

ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಲೆಕ್ಕಿಗರ ಅಂಕಿಯನ್ನೇ ಮುಂದುವರಿಸುತ್ತೇನೆ.

ಸರ್ಕಾರದ ಸಾಲ: 100 ಡಾಲರ್, 10 ವರ್ಷ, 2%. ಅದು 20 ವರ್ಷ, 1% ಆಗುತ್ತದೆ. 5% ದರದಲ್ಲಿ 77 ಇದ್ದದ್ದು 50, ಕಡಿತ 35%. ಬಾಂಡ್: 100 ಡಾಲರ್, 10 ವರ್ಷ, 8.5%. ಅದರ ಅಸಲು 78ಕ್ಕೆ ಕಡಿದು, ಅವಧಿ ಅಷ್ಟೇ ಇಟ್ಟು, ಬಡ್ಡಿ 6% ಮಾಡಿ. 5% ದರದಲ್ಲಿ 127 ಇದ್ದದ್ದು 84, ಕಡಿತ 34%. ಇಬ್ಬರೂ ಸಮ ಎನ್ನಬಹುದು.

ಈಗ ದರ 10% ಮಾಡಿ. ಬಾಂಡ್ 91ರಿಂದ 59ಕ್ಕೆ, ಕಡಿತ 35%. ಸರ್ಕಾರದ ಸಾಲ 51ರಿಂದ 23ಕ್ಕೆ, ಕಡಿತ 54%. ಒಂದೇ ಒಪ್ಪಂದ, ದರ ಬದಲಾದ ತಕ್ಷಣ ಒಬ್ಬ ಅನ್ಯಾಯಕ್ಕೊಳಗಾದವನಾದ. ದುಡ್ಡನ್ನು ದೂರದ ವರ್ಷಗಳಿಗೆ ತಳ್ಳಿದವನಿಗೆ ಹೆಚ್ಚಿನ ದರ ಲಾಭ, ಮುಖಬೆಲೆ ಕಡಿದು ಬೇಗ ತೆಗೆದುಕೊಂಡು ಹೋಗುವವನಿಗೆ ಕಡಿಮೆ ದರ ಲಾಭ. ಸೂತ್ರವನ್ನು ಮುಂಚೆಯೇ ನಿಗದಿ ಮಾಡಿ ಎಂಬ ಒತ್ತಾಯ ಇಲ್ಲಿಂದಲೇ ಬಂದದ್ದು. ಭಾರತ ಜಿ20 ಅಧ್ಯಕ್ಷತೆ ವಹಿಸಿದ್ದಾಗ ಐಎಂಎಫ್, ವಿಶ್ವಬ್ಯಾಂಕ್ ಜೊತೆ ಸೇರಿ ಸಾಲದ ದುಂಡುಮೇಜಿನ ಸಭೆ ಶುರು ಮಾಡಿತು. ಸದಸ್ಯರು ಮುಖಾಮುಖಿ ಕೂತ ಮೊದಲ ಸಭೆ ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 25ರಂದು. ಅಲ್ಲಿ ಎದ್ದ ಪ್ರಶ್ನೆಗಳೂ ಇವೇ: ಮಾಹಿತಿ ಹಂಚುವುದು, ಗಡುವು, ಸಮಾನ ನಡವಳಿಕೆಯ ಅಳತೆ, ವಿಶ್ವಬ್ಯಾಂಕಿನಂಥವರ ಪಾಲು.

ತಕ್ಕಡಿಯ ವಿಷಯ. ಐಎಂಎಫ್, ವಿಶ್ವಬ್ಯಾಂಕ್‌ನವರು ಸಾಲ ಹೊರುವ ಶಕ್ತಿಯಂತೆ ದೇಶಗಳನ್ನು ದುರ್ಬಲ, ಮಧ್ಯಮ, ಬಲಿಷ್ಠ ಎಂದು ಮೂರು ಮಾಡುತ್ತಾರೆ. ಇದಕ್ಕೆ ಆಡಳಿತದ ಗುಣಮಟ್ಟ, ಬೆಳವಣಿಗೆ ದರ, ವಿದೇಶಿ ವಿನಿಮಯ ಮೀಸಲು, ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ, ಜಗತ್ತಿನ ಆರ್ಥಿಕತೆಯ ಬೆಳವಣಿಗೆ ಸೇರಿಸಿದ ಸೂಚ್ಯಂಕವಿದೆ. ಈ ಮೂರು ವರ್ಗಕ್ಕೆ ಕ್ರಮವಾಗಿ, ವಿದೇಶಿ ಸಾಲದ ಇಂದಿನ ಮೌಲ್ಯ ಜಿಡಿಪಿಯ 30, 40, 55% ಮೀರಬಾರದು. ರಫ್ತಿನ 140, 180, 240% ಮೀರಬಾರದು. ವರ್ಷದ ಕಂತು ರಫ್ತಿನ 10, 15, 21% ಒಳಗಿರಬೇಕು. ಸರ್ಕಾರದ ವರಮಾನದ 14, 18, 23% ಒಳಗಿರಬೇಕು. ಜಾಂಬಿಯಾ ದುರ್ಬಲರ ಸಾಲಿನಲ್ಲಿತ್ತು, ಹಾಗಾಗಿ ವಿದೇಶಿ ಕಂತು ವರಮಾನದ 14%ಗೆ ಇಳಿಯಬೇಕೆಂದು ಗುರಿ. ರಫ್ತಿನ ಲೆಕ್ಕದಲ್ಲಿ ಮಿತಿ 140 ಇದ್ದರೂ ಜಾಂಬಿಯಾಕ್ಕೆ 2027ಕ್ಕೆ 84% ಎಂದು ಇನ್ನೂ ಕಟ್ಟುನಿಟ್ಟಾಗಿ ಇಟ್ಟರು, ಆಘಾತ ಬಂದರೆ ತಡೆಯಲು ಜಾಗ ಬೇಕೆಂದು. ಆಘಾತ ಬಂದೇಬಂತು. 2024ರ ಫೆಬ್ರುವರಿಯಲ್ಲಿ ಬರಕ್ಕೆ ರಾಷ್ಟ್ರೀಯ ವಿಪತ್ತು ಘೋಷಿಸಿದರು, ಜೂನ್‌ನಲ್ಲಿ ಐಎಂಎಫ್ ತನ್ನ ನೆರವನ್ನು 170 ಕೋಟಿಗೆ ಏರಿಸಿತು. ಜಲವಿದ್ಯುತ್ತನ್ನೇ ನಂಬಿದ ದೇಶದಲ್ಲಿ ಮಳೆ ಕೈಕೊಟ್ಟರೆ ತಾಮ್ರದ ಗಣಿಗೂ ಕರೆಂಟ್ ಇಲ್ಲ.

ಬೋರಯ್ಯನವರು ಹೇಳಿದ 'ಬಿ' ಬಾಂಡ್ ಬಾಲ ನನಗೆ ಚಿಂತೆ ತರುವುದು ಇದಕ್ಕೇ. ದುರ್ಬಲದಿಂದ ಮಧ್ಯಮಕ್ಕೆ ಏರಿದರೆ, ಅಥವಾ ರಫ್ತು ಮತ್ತು ಡಾಲರ್ ಲೆಕ್ಕದ ವರಮಾನ ಅಂದಾಜು ಮೀರಿದರೆ, ಕಂತು ಏರುತ್ತದೆ. ಸರ್ಕಾರಗಳ ಸಾಲಕ್ಕೂ ಇಂಥದೇ ಕಲಮಿದೆ, ಅಲ್ಲಿ ಬಡ್ಡಿ 4%ವರೆಗೆ ಹೋಗಿ 2038ಕ್ಕೇ ತೀರಬೇಕು. ತಾಮ್ರದ ಬೆಲೆ ಎರಡು ವರ್ಷ ಏರಿ ಮೂರನೆಯ ವರ್ಷ ಬಿದ್ದರೆ? ಏರಿದ ಕಂತನ್ನು ಇಳಿಸುವ ಕಲಮು ಅದೇ ಧಾರಾಳದಲ್ಲಿ ಇಲ್ಲ. ರಫ್ತಿನಲ್ಲಿ ತಾಮ್ರದ್ದೇ ಸಿಂಹಪಾಲು ಎಂಬುದು ನೆನಪಿರಲಿ.

ಲೆಕ್ಕಿಗರ ಜೊತೆ ಒಂದು ಜಗಳವಿದೆ. ಎಲ್ಲ ದೋಷ ಡಾಲರ್ ಬಾಂಡ್‌ನ ಮೇಲೆ ಹೊರಿಸಿದಿರಿ. 14% ಎಂಬ ಮಿತಿ ವಿದೇಶಿ ಸಾಲಕ್ಕೆ ಮಾತ್ರ. ಕ್ವಾಚಾದ ಸಾಲವನ್ನು ಜಾಂಬಿಯಾ ಈ ಮರುರಚನೆಯಿಂದ ಹೊರಗಿಟ್ಟಿತು, ವಿದೇಶಿ ಹೂಡಿಕೆದಾರರ ಕೈಯಲ್ಲಿದ್ದ ಕ್ವಾಚಾ ಬಾಂಡ್‌ ಸಮೇತ. ಮುಟ್ಟಿದರೆ ಸ್ಥಳೀಯ ಬ್ಯಾಂಕು, ಪಿಂಚಣಿ ನಿಧಿ ಕುಸಿಯುತ್ತವೆ ಎಂಬ ಭಯಕ್ಕೆ ಅರ್ಥವಿದೆ. ಘಾನಾ ಒಳಸಾಲಕ್ಕೂ ಕೈಹಾಕಿತು, ಅದರ ಪೆಟ್ಟು ಬ್ಯಾಂಕುಗಳ ಪುಸ್ತಕದಲ್ಲಿ ಕಂಡಿತು. ಆದರೆ ಜಾಂಬಿಯಾದ ಬಜೆಟ್‌ನಲ್ಲಿ ಒಳಸಾಲದ ಬಡ್ಡಿಯೂ ಭಾರಿಯೇ. ವಿದೇಶಿ ಕಂತು ಇಳಿದರೂ ಶಾಲೆ, ಆಸ್ಪತ್ರೆಗೆ ಉಳಿಯುವುದು ಅಂದುಕೊಂಡಷ್ಟಿಲ್ಲ.

ಲೆಕ್ಕಿಗ

ತುಂಗಾತೀರರೇ, ಒಳಸಾಲದ ಮಾತು ಒಪ್ಪುತ್ತೇನೆ. ಆದರೂ ಸುಸ್ತಿ ಹುಟ್ಟಿಸಿದ್ದು ಡಾಲರೇ. ಕ್ವಾಚಾ ಬೇಕಾದರೆ ಸರ್ಕಾರ ಹಣದುಬ್ಬರ ಸಹಿಸಿಕೊಂಡಾದರೂ ಹೊಂದಿಸುತ್ತದೆ, ಡಾಲರ್ ಅಚ್ಚು ಹಾಕಲಾಗದು.

ಕಡತಪ್ರಿಯರೇ, ಮುಂದೆ ಬೇರೆ ದೇಶದ್ದು ಓದುವುದಾದರೆ ಪತ್ರಿಕಾ ಪ್ರಕಟಣೆಯಿಂದ ಶುರು ಮಾಡಬೇಡಿ. ಐಎಂಎಫ್‌ನ ದೇಶವಾರು ವರದಿಯ ಕೊನೆಯಲ್ಲಿ ಸಾಲ ತಾಳಿಕೆಯ ವಿಶ್ಲೇಷಣೆ ಇರುತ್ತದೆ. ಮೊದಲು ಶ್ರೇಣಿ ನೋಡಿ: ಕಡಿಮೆ ಅಪಾಯ, ಮಧ್ಯಮ, ಹೆಚ್ಚು, ಇಲ್ಲವೇ ಈಗಾಗಲೇ ಸಂಕಟದಲ್ಲಿದೆ. ಆಮೇಲೆ ಸಾಲದಾತರ ಪಟ್ಟಿ. ಅದರ ಅಡಿಟಿಪ್ಪಣಿಯಲ್ಲಿ ಯಾವುದನ್ನು ಸೇರಿಸಿಲ್ಲ ಎಂದಿರುತ್ತದೆ: ಸರ್ಕಾರಿ ಕಂಪನಿಗಳ ಸಾಲ, ಗುತ್ತಿಗೆದಾರರ ಬಾಕಿ ಬಿಲ್ಲು, ವಿಳಂಬ ಬಡ್ಡಿ. ಜಾಂಬಿಯಾದಲ್ಲಿ ವಿದ್ಯುತ್ ಕಂಪನಿ ಜೆಸ್ಕೊದ ಸಾಲ ಎಲ್ಲಿ ಕೂತಿದೆ ಎಂದು ಹುಡುಕಿ. ಹಣಕಾಸು ಸಚಿವಾಲಯದ ಸಾಲ ವರದಿಯ ಮೊತ್ತಕ್ಕೂ ವಿಶ್ವಬ್ಯಾಂಕಿನ ಮೊತ್ತಕ್ಕೂ ತಾಳೆ ಬರದಿದ್ದರೆ ಗಾಬರಿ ಬೇಡ, ಒಂದು ಸರ್ಕಾರದ ಸಾಲ ಮಾತ್ರ ಹಿಡಿದಿರುತ್ತದೆ, ಇನ್ನೊಂದು ಖಾತರಿ ಕೊಟ್ಟದ್ದನ್ನೂ ಹಿಡಿದಿರುತ್ತದೆ.

ಬಾಂಡ್_ಬೋರಯ್ಯ

ಒಂದು ಸೇರಿಸುತ್ತೇನೆ. ಸಮಿತಿ ಜೊತೆ ಸಹಿಯಾದ ಒಡಂಬಡಿಕೆ ಕಾನೂನಲ್ಲ. ಜೂನ್ ಒಪ್ಪಂದವನ್ನು ಬರಹಕ್ಕಿಳಿಸಿದ 2023ರ ಅಕ್ಟೋಬರ್‌ನದ್ದೂ ಅಷ್ಟೇ. ಆಮೇಲೆ ಒಂದೊಂದು ದೇಶದ ಜೊತೆ ಪ್ರತ್ಯೇಕ ಕರಾರು ಮಾಡಿ, ಅವರವರ ಎಕ್ಸಿಂ ಬ್ಯಾಂಕಿನ ಪುಸ್ತಕದಲ್ಲಿ ಕಂತಿನ ಪಟ್ಟಿ ಬದಲಾದ ದಿನವೇ ಪರಿಹಾರ. ಭಾರತದ ಎಕ್ಸಿಂ ಬ್ಯಾಂಕ್ ರಾಜಧಾನಿ ಲುಸಾಕಾದ ರಸ್ತೆ ದಟ್ಟಣೆ ಇಳಿಸುವ ಕಾಮಗಾರಿಗೆ ಸಾಲ ಕೊಟ್ಟಿತ್ತು. ಇಂಥ ಸಾಲಕ್ಕೂ ಮಾರ್ಗ ಅದೇ. ಪತ್ರಿಕೆಯಲ್ಲಿ 'ಒಪ್ಪಂದ' ಎಂದು ಓದಿದಾಗ ಯಾವ ಒಪ್ಪಂದ, ತಾತ್ವಿಕವೋ ಒಡಂಬಡಿಕೆಯೋ ದ್ವಿಪಕ್ಷೀಯ ಕರಾರೋ ಎಂದು ಕೇಳಿಕೊಳ್ಳಿ. ಮೂರರ ನಡುವೆ ಒಂದೊಂದು ವರ್ಷ ಹೋಗಬಹುದು.